ಎಸ್ಲಿಂಗನ್ನಿನ ಎರಡನೆಯ ಚಳಿಗಾಲಕ್ಕೆ ಮೈಸೂರಿನಲ್ಲಿ ತಯಾರಿ

ಮೇ 2025

ಕಳೆದ ಚಳಿಗಾಲವನ್ನು ಜರ್ಮನಿಯ ಎಸ್ಲಿಂಗನ್ ಊರಿನಲ್ಲಿ ವಿದ್ಯಾರ್ಥಿಗಳ ನಡುವೆ ಸೇವೆಯಲ್ಲಿ ಕಳೆದು ನಾನೂ ನಮ್ಮ ಯಜಮಾನರೂ ಮೈಸೂರಿಗೆ ಮರಳಿದ್ದೇವೆ. ಅಲ್ಲಿನ ಕ್ರೈಸ್ತ ಸಭೆಯವರು (ಚರ್ಚಿನವರು) ಬರುವ ಚಳಿಗಾಲಕ್ಕೂ ನಮ್ಮನ್ನು ಕರೆದಿದ್ದಾರೆ. ಅಲ್ಲಿಯವರೆಗೆ ಇಲ್ಲಿ ಏನೇನು ಸಿದ್ಧತೆ ನಡೆಯುತ್ತದೆ ಎಂಬುದನ್ನು ತಿಂಗಳಿಗೊಮ್ಮೆ ಬರೆದಿಡಬೇಕೆಂದುಕೊಂಡಿದ್ದೇನೆ. ನಿವೃತ್ತಿಯ ನಂತರ ಇಂಥ ಸೇವೆಗೆ ಹೊರಡಬೇಕೆಂಬ ಆಸೆಯುಳ್ಳ ದಂಪತಿಗಳು ನಮ್ಮ ಮೈಸೂರು, ಮಂಡ್ಯದ ಸಭೆಗಳಲ್ಲಿ ಇದ್ದಾರೆ. ಅವರು ಕೇಳುವ ಪ್ರಶ್ನೆಗಳಿಗೆ ಒಂದೇ ಕಡೆ ಉತ್ತರ ಸಿಗಲಿ ಎಂಬುದು ಉದ್ದೇಶ.

ಮಂಡಿ ಮೊಹಲ್ಲಾದಲ್ಲಿ 1906ರಲ್ಲಿ ಸ್ಥಾಪನೆಯಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಊರಿನವರು ಇಂದಿಗೂ ಮಿಷನ್ ಆಸ್ಪತ್ರೆ ಎಂದೇ ಕರೆಯುತ್ತಾರೆ. ನರ್ಸಾಗಿ ನನ್ನ ದುಡಿಮೆಯ ವರ್ಷಗಳು ಅಲ್ಲಿನ ವಾರ್ಡುಗಳಲ್ಲಿ ಕಳೆದವು. ಯಜಮಾನರು ಮಂಡ್ಯದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸಿದವರು. ಸಮುದ್ರ ದಾಟಿ ಬಂದವರು ಕಟ್ಟಿದ ಆಸ್ಪತ್ರೆಯ ಅನ್ನ ಉಂಡವಳಾದ ನನಗೆ, ಕೈಕಾಲು ಗಟ್ಟಿಯಿರುವಾಗಲೇ ಆ ಋಣದಲ್ಲಿ ಸ್ವಲ್ಪವನ್ನಾದರೂ ತೀರಿಸಬೇಕೆಂಬ ಹಂಬಲ ಬಹಳ ದಿನಗಳಿಂದ ಇತ್ತು.

ಎಸ್ಲಿಂಗನ್ ಸ್ಟುಟ್‌ಗಾರ್ಟ್ ನಗರಕ್ಕೆ ತಾಗಿಕೊಂಡಂತೆ ನೆಕ್ಕರ್ ನದಿಯ ದಂಡೆಯಲ್ಲಿದೆ. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರತಂದ ಹರ್ಮನ್ ಮೋಗ್ಲಿಂಗ್ ಅವರು 1881ರಲ್ಲಿ ತೀರಿಕೊಂಡದ್ದು ಈ ಊರಿನಲ್ಲಿ, 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನು ಕೊಟ್ಟ ಫರ್ಡಿನಾಂಡ್ ಕಿಟ್ಟೆಲ್ ಅವರು 1903ರಲ್ಲಿ ತೀರಿಕೊಂಡ ಟ್ಯೂಬಿಂಗನ್ ಅದೇ ನದಿಯ ಮೇಲ್ಭಾಗದಲ್ಲಿದೆ. ಈಗ ಅದೇ ಕಣಿವೆಗೆ ನಮ್ಮ ಕಡೆಯ ಎಂಜಿನಿಯರಿಂಗ್ ಪದವೀಧರರು ಮಾಸ್ಟರ್ಸ್ ಓದಲು ಹೋಗುತ್ತಾರೆ, ಏಕೆಂದರೆ ಮರ್ಸಿಡಿಸ್, ಬಾಷ್ ಮುಂತಾದ ಕಂಪನಿಗಳ ನೆಲೆ ಅದು, ಮತ್ತು ಕಾರು ತಯಾರಿಕೆಯ ತಂತ್ರಜ್ಞಾನವನ್ನು ಇಂಗ್ಲಿಷಿನಲ್ಲಿ ಕಲಿಸುವ ಕೋರ್ಸುಗಳು ಅಲ್ಲಿವೆ. ಕಳೆದ ವರ್ಷ ನಮ್ಮ ಮೇಜಿಗೆ ಊಟಕ್ಕೆ ಬಂದವರಲ್ಲಿ ಮೈಸೂರು, ಮದ್ದೂರು, ಪಾಂಡವಪುರ, ಹಾಸನದ ಹುಡುಗ ಹುಡುಗಿಯರು ಇದ್ದರು. ಕೇರಳದವರು, ಘಾನಾದವರು, ಇಂಡೋನೇಷ್ಯಾದವರು, ಜರ್ಮನ್ ವಿದ್ಯಾರ್ಥಿಗಳೂ ಇದ್ದರು.

ನಮ್ಮ ಕೆಲಸದ ನಡುಗಂಬ ಮಂಗಳವಾರದ ಊಟ. ಸಭಾಂಗಣದ ಅಡುಗೆಮನೆಯಲ್ಲಿ ಮಧ್ಯಾಹ್ನದಿಂದ ಅಡುಗೆ, ಸಂಜೆ ಏಳಕ್ಕೆ ಪ್ರಾರ್ಥನೆ, ಊಟ, ಆಮೇಲೆ ಎಷ್ಟು ಹೊತ್ತಾದರೂ ಮಾತು. ಇಡ್ಲಿ ಮಾಡಿದ ಮೊದಲ ಸಲ ಹಿಟ್ಟು ಹುಳಿ ಬರಿಸುವುದೇ ದೊಡ್ಡ ಸಾಹಸವಾಯಿತು. ನವೆಂಬರಿನಲ್ಲಿ ಅಡುಗೆಮನೆಯ ಉಷ್ಣತೆ 18 ಡಿಗ್ರಿ ದಾಟುವುದಿಲ್ಲ. ರಾತ್ರಿ ನೆನೆಸಿ ರುಬ್ಬಿಟ್ಟ ಹಿಟ್ಟು ಬೆಳಿಗ್ಗೆ ಇದ್ದಂತೆಯೇ ಇರುತ್ತದೆ. ಓವನ್ನಿನ ದೀಪವನ್ನು ಮಾತ್ರ ಹಾಕಿ, ಪಾತ್ರೆಯನ್ನು ದಪ್ಪ ಟವೆಲಿನಲ್ಲಿ ಸುತ್ತಿ ಅದರೊಳಗಿಟ್ಟು ಬಾಗಿಲು ಮುಚ್ಚಿದರೆ ಹದಿನಾರು ಗಂಟೆಗಳಲ್ಲಿ ಹಿಟ್ಟು ಉಬ್ಬಿ ಬರುತ್ತದೆ ಎಂಬುದನ್ನು ಹಾಸನದ ಹುಡುಗಿಯೊಬ್ಬಳು ತೋರಿಸಿಕೊಟ್ಟಳು. ಮರುವಾರದಿಂದ ಸೋಮವಾರ ರಾತ್ರಿಯ ಆ ಕೆಲಸವನ್ನು ಅವಳೇ ವಹಿಸಿಕೊಂಡಳು. ಉಣ್ಣಲು ಬರುತ್ತಿದ್ದವರು ಬಡಿಸಲು ನಿಂತದ್ದು ಅಲ್ಲಿಂದ ಶುರುವಾಯಿತು.

ಜೂನ್

ವಿದೇಶಕ್ಕೆ ಹೊರಡುವ ಮಕ್ಕಳಿಗಾಗಿ ಸರಸ್ವತಿಪುರಂನ ನಮ್ಮ ಮನೆಯಲ್ಲಿ ಶನಿವಾರ ಮಧ್ಯಾಹ್ನ ಒಂದು ಕೂಟ ಆರಂಭಿಸಿದ್ದೇವೆ. ಅಲ್ಲಿ ಮಾಡುವ ಸೇವೆಯ ಅರ್ಧ ಭಾಗವನ್ನು ಇಲ್ಲಿಯೇ ಮಾಡಬಹುದು, ಮಾಡಲೇಬೇಕು ಎಂಬುದು ಕಳೆದ ಚಳಿಗಾಲ ನಮಗೆ ಮನದಟ್ಟಾದ ಸಂಗತಿ. ಕಾಗದಪತ್ರದ ವಿಷಯಗಳನ್ನು ಏಜೆಂಟರು ಹೇಳಿಯೇ ಇರುತ್ತಾರೆ: 2022ರ ನವೆಂಬರಿನಿಂದ ಭಾರತೀಯ ವಿದ್ಯಾರ್ಥಿಗಳಿಗೆ ಕಡ್ಡಾಯವಾಗಿರುವ, ಓದಿನ ದಾಖಲೆಗಳು ಅಸಲಿ ಎಂದು ಖಚಿತಪಡಿಸುವ ಎಪಿಎಸ್ ಪ್ರಮಾಣಪತ್ರ, ವರ್ಷದ ಖರ್ಚಿಗೆಂದು ಮುಂಚಿತವಾಗಿ ಬ್ಯಾಂಕಿನಲ್ಲಿ ಕಟ್ಟಿಡಬೇಕಾದ 11,904 ಯೂರೋ, ಅದರಲ್ಲಿ ತಿಂಗಳಿಗೆ 992 ಯೂರೋ ಮಾತ್ರ ಕೈಗೆ ಬರುವ ವ್ಯವಸ್ಥೆ, ಬಾಡೆನ್-ವೂರ್ಟೆಂಬರ್ಗ್ ರಾಜ್ಯದಲ್ಲಿ ಯುರೋಪಿಯನ್ ಒಕ್ಕೂಟದ ಹೊರಗಿನ ದೇಶಗಳವರು 2017ರಿಂದ ಸೆಮಿಸ್ಟರಿಗೆ ಕಟ್ಟುವ 1,500 ಯೂರೋ ಶುಲ್ಕ. ಇವನ್ನು ನಾವು ಬೇಗ ಮುಗಿಸುತ್ತೇವೆ. ನಮ್ಮ ಹೊತ್ತೆಲ್ಲ ಹೋಗುವುದು ಯಾರೂ ಹೇಳದ ವಿಷಯಗಳಿಗೆ.

ಉದಾಹರಣೆಗೆ ವಿಳಾಸದ ನೋಂದಣಿ. ಮನೆ ಸೇರಿದ ಎರಡು ವಾರಗಳೊಳಗೆ ನಗರ ಕಚೇರಿಯಲ್ಲಿ ಹೆಸರು ಬರೆಸಬೇಕು. ಅದಕ್ಕೆ ಮನೆ ಮಾಲೀಕರು ಸಹಿ ಮಾಡಿದ ದೃಢೀಕರಣ ಪತ್ರ ಬೇಕೇ ಬೇಕು. ಆ ಅರ್ಜಿಯಲ್ಲಿ ಧರ್ಮ ಯಾವುದು ಎಂಬ ಪ್ರಶ್ನೆಯೂ ಇರುತ್ತದೆ. ನಮ್ಮ ಸಭೆಯ ಮಕ್ಕಳು ಅಲ್ಲಿ ಪ್ರೊಟೆಸ್ಟೆಂಟ್ ಎಂದು ಬರೆಸಿದರೆ, ಮುಂದೆ ಕೆಲಸ ಸಿಕ್ಕಿ ಆದಾಯ ತೆರಿಗೆ ಕಟ್ಟುವಾಗ ಆ ತೆರಿಗೆಯ ಶೇಕಡ 8ರಷ್ಟು ಮೊತ್ತ ಸಭೆಯ ತೆರಿಗೆಯಾಗಿಯೂ ಕಡಿತವಾಗುತ್ತದೆ. ಬರೆಸಿರಿ ಎಂದಾಗಲಿ ಬೇಡ ಎಂದಾಗಲಿ ನಾನು ಹೇಳುವುದಿಲ್ಲ, ಆದರೆ ತಿಳಿದು ಬರೆಸಲಿ ಎಂದು ಹೇಳುತ್ತೇನೆ; ಸಂಬಳದ ಚೀಟಿ ನೋಡಿ ದಿಗಿಲುಗೊಂಡವರನ್ನು ಕಂಡಿದ್ದೇನೆ.

ನರ್ಸಾಗಿದ್ದವಳಾದ್ದರಿಂದ ಆರೋಗ್ಯದ ಮಾತು ನನ್ನ ಪಾಲಿನದು. ಪ್ರಾಣಕ್ಕೆ ಅಪಾಯವಿದ್ದರೆ 112, ರಾತ್ರಿಯಲ್ಲೋ ಭಾನುವಾರದಲ್ಲೋ ಜ್ವರ ಏರಿ ವೈದ್ಯರು ಬೇಕಾದರೆ 116117 ಎಂಬುದನ್ನು ಎಲ್ಲರಿಗೂ ಬಾಯಿಪಾಠ ಮಾಡಿಸುತ್ತೇನೆ. ಡಿಸೆಂಬರಿನ ಕತ್ತಲೆಯ ಬಗ್ಗೆಯೂ ಹೇಳುತ್ತೇನೆ. ಮೈಸೂರಿನಲ್ಲಿ ವರ್ಷದ ಅತಿ ಚಿಕ್ಕ ಹಗಲೂ ಹನ್ನೊಂದು ಗಂಟೆಗೆ ಕಡಿಮೆಯಿಲ್ಲ. ಅಲ್ಲಿ ಎಂಟು ದಾಟಿದ ಮೇಲೆ ಹುಟ್ಟಿದ ಸೂರ್ಯ ಸಂಜೆ ನಾಲ್ಕೂವರೆಯೊಳಗೆ ಮುಳುಗುತ್ತಾನೆ. ಬೆಳಕಿಲ್ಲದ ವಾರಗಳಲ್ಲಿ ಮನಸ್ಸು ಕುಗ್ಗುವುದು ದೇಹಧರ್ಮ, ಅದನ್ನು ತನ್ನ ದೌರ್ಬಲ್ಯವೆಂದು ಬಚ್ಚಿಡಬೇಕಿಲ್ಲ ಎಂದು ಹೊರಡುವ ಮೊದಲೇ ಕೇಳಿಸಿಕೊಂಡ ಮಗು ಅಲ್ಲಿ ಬಂದು ಬಾಗಿಲು ತಟ್ಟುತ್ತದೆ.

ಪಾಂಡವಪುರ ಕಡೆಯ ಒಬ್ಬ ಹುಡುಗನ ಸಂಗತಿಯನ್ನು, ಅವನ ಒಪ್ಪಿಗೆ ಪಡೆದು, ಈ ಕೂಟದಲ್ಲಿ ಹೇಳುತ್ತಿದ್ದೇನೆ. ಮಂಗಳವಾರ ತಪ್ಪದೆ ಬರುತ್ತಿದ್ದವನು ಜನವರಿಯಲ್ಲಿ ಒಮ್ಮೆಲೇ ಬರುವುದನ್ನು ನಿಲ್ಲಿಸಿದ. ಒಂದೆರಡು ವಾರ ನೋಡಿ ನಾವಿಬ್ಬರೂ ಸಾರಿನ ಡಬ್ಬಿ ಹಿಡಿದು ಅವನ ಹಾಸ್ಟೆಲಿಗೆ ಹೋದೆವು. ಕಿಟಕಿಯ ಪರದೆ ಎಳೆದಿತ್ತು, ಮೇಜಿನ ಮೇಲೆ ತೊಳೆಯದ ಲೋಟಗಳ ಸಾಲು, ಹಾಸಿಗೆಯ ಮೇಲೆ ಜಾಕೆಟ್ ತೊಟ್ಟುಕೊಂಡೇ ಕೂತಿದ್ದ. ಬಹಳ ಹೊತ್ತಿನ ಮೇಲೆ ವಿಷಯ ಹೊರಬಂತು: ಒಂದು ವಿಷಯದಲ್ಲಿ ಎರಡು ಸಲ ನಪಾಸಾಗಿದ್ದಾನೆ, ಉಳಿದಿರುವುದು ಕೊನೆಯ ಅವಕಾಶ. ಅಲ್ಲಿನ ನಿಯಮದಂತೆ ಕೊನೆಯ ಯತ್ನದಲ್ಲೂ ಸೋತರೆ ಆ ಕೋರ್ಸಿನಿಂದ ಹೆಸರು ತೆಗೆದುಹಾಕುತ್ತಾರೆ. ಸಾಮಾನ್ಯವಾಗಿ ಅದೇ ಕೋರ್ಸನ್ನು ಆ ದೇಶದ ಬೇರೆ ಕಡೆಯೂ ಮುಂದುವರಿಸಲಾಗುವುದಿಲ್ಲ. ನಮ್ಮಲ್ಲಿ ಬ್ಯಾಕ್‌ಲಾಗ್ ಇಟ್ಟುಕೊಂಡು ಎಷ್ಟು ಸಲ ಬೇಕಾದರೂ ಬರೆಯುವ ರೂಢಿಯಲ್ಲಿ ಬೆಳೆದ ಮಕ್ಕಳಿಗೆ ಈ ನಿಯಮದ ತೀಕ್ಷ್ಣತೆ ಎರಡನೆಯ ಸೋಲಿನ ನಂತರವೇ ಅರಿವಾಗುತ್ತದೆ. ಮನೆಯಲ್ಲಿ ಕಬ್ಬಿನ ಗದ್ದೆಯ ಮೇಲೆ ಸಾಲ ತೆಗೆದಿದ್ದರು; ಅಪ್ಪನಿಗೆ ಒಂದು ಮಾತೂ ಹೇಳಿರಲಿಲ್ಲ.

ಅಂದಿನಿಂದ ಯಜಮಾನರು ಪ್ರತಿ ಬೆಳಿಗ್ಗೆ ಅವನನ್ನು ಸಭಾಂಗಣದ ಚಿಕ್ಕ ಕೋಣೆಗೆ ಕರೆಸಿಕೊಂಡು ಜೊತೆಗೆ ಕೂತರು. ಕಂಪನಶಾಸ್ತ್ರದ ಆ ಪಠ್ಯ ಅವರು ಕಲಿಸಿದ್ದಕ್ಕಿಂತ ಮೇಲಿನ ಮಟ್ಟದ್ದು, ಆದರೂ ಅದರ ಬೇರು ಅವರಿಗೆ ಪರಿಚಿತ. ಎಲ್ಲಕ್ಕಿಂತ ಹೆಚ್ಚಾಗಿ ಅವರ ಬಳಿ ಸಮಯವಿತ್ತು. ತರುಣ ಪಾದ್ರಿಗಳಿಗೆ ಹತ್ತು ಜವಾಬ್ದಾರಿಗಳು, ಓರಗೆಯ ಗೆಳೆಯರಿಗೆ ಅವರವರ ಪರೀಕ್ಷೆ. ನಿವೃತ್ತರಾದ ಗಂಡಹೆಂಡಿರು ಇಂಥ ಕಡೆ ಯಾಕೆ ಬೇಕು ಎಂದು ಕೇಳುವವರಿಗೆ ನಾನು ಆ ಬೆಳಗುಗಳನ್ನೇ ತೋರಿಸುತ್ತೇನೆ. ಅಪ್ಪನಿಗೆ ವಿಷಯ ತಿಳಿಸಿದ್ದು ನಮ್ಮ ಫೋನಿನಿಂದ, ನಾವು ಪಕ್ಕದಲ್ಲಿ ಕೂತಿದ್ದಾಗ. ಆ ತಂದೆ ಬೈಯಲಿಲ್ಲ. ಮಗ ಊಟ ಮಾಡುತ್ತಿದ್ದಾನೆಯೇ ಎಂದು ನನ್ನನ್ನು ವಿಚಾರಿಸಿದರು. ಹುಡುಗ ಪಾಸಾದ.

ಆ ತಂದೆತಾಯಿ ಈ ತಿಂಗಳ ಕೂಟಕ್ಕೆ ಪಾಂಡವಪುರದಿಂದ ಬಂದು, ಹೊರಡಲಿರುವ ಮಕ್ಕಳ ಪೋಷಕರೊಂದಿಗೆ ಮಾತನಾಡಿದರು. ನಾವು ಹತ್ತು ಶನಿವಾರ ಹೇಳಿದರೂ ಮುಟ್ಟದ ಮಾತು ಅವರಿಂದ ಮುಟ್ಟಿತು.

ಜುಲೈ

ಶನಿವಾರದ ಕೂಟಕ್ಕೆ ಬರುವವರಲ್ಲಿ ಹೆಚ್ಚಿನವರು ಹಿಂದೂ ಮನೆಗಳ ಮಕ್ಕಳು, ಕೆಲವರು ಮುಸ್ಲಿಮರು. ಮಿಷನರಿ ಸೇವೆ ಎಂಬ ಮಾತು ಕೇಳಿದೊಡನೆ ಪೋಷಕರ ಮುಖದಲ್ಲಿ ಒಂದು ಪ್ರಶ್ನೆ ಮೂಡುತ್ತದೆ, ಅದನ್ನು ನಾವಾಗಿಯೇ ಎತ್ತಿಕೊಂಡು ಉತ್ತರಿಸುತ್ತೇವೆ. ನಾವು ಕ್ರೈಸ್ತರು, ಯೇಸುವಿನ ಪ್ರೀತಿಯೇ ನಮ್ಮನ್ನು ಈ ಕೆಲಸಕ್ಕೆ ಹಚ್ಚಿದೆ, ಊಟಕ್ಕೆ ಮೊದಲು ಪ್ರಾರ್ಥಿಸುತ್ತೇವೆ, ಕೇಳಿದವರಿಗೆ ನಮ್ಮ ನಂಬಿಕೆಯನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ. ಆದರೆ ಒಂಟಿಯಾಗಿ, ಹೆದರಿ, ಮನೆಯ ನೆನಪಿನಲ್ಲಿ ಬೇಯುತ್ತಿರುವ ಮಗುವಿನ ಆ ದುರ್ಬಲ ಗಳಿಗೆಯನ್ನು ಧರ್ಮದ ಮಾತಿಗೆ ಬಳಸಿಕೊಳ್ಳುವುದು ಅನ್ಯಾಯವೆಂದು ನಾವಿಬ್ಬರೂ ದೃಢವಾಗಿ ನಂಬಿದ್ದೇವೆ. ಆ ಊಟ ಅವರಿಗೆ ಯಾವ ಷರತ್ತೂ ಇಲ್ಲದೆ ಸಿಗಬೇಕು. ನಂಬಿಕೆಯ ಬಗ್ಗೆ ನಮ್ಮನ್ನು ಹೆಚ್ಚಾಗಿ ಕೇಳಿದವರು ಜರ್ಮನ್ ವಿದ್ಯಾರ್ಥಿಗಳು ಎಂಬುದು ಇಲ್ಲಿನವರಿಗೆ ಆಶ್ಚರ್ಯವೆನಿಸುತ್ತದೆ. ಅವರಲ್ಲಿ ಹಲವರು ಸಭೆಯ ಸದಸ್ಯತ್ವವನ್ನು ಕಚೇರಿಯಲ್ಲಿ ಅರ್ಜಿ ಕೊಟ್ಟು ಬಿಟ್ಟವರು. ವಯಸ್ಸಾದ ಇಬ್ಬರು ಅಷ್ಟು ದೂರದಿಂದ ಬಂದು ಪಾತ್ರೆ ತೊಳೆಯುತ್ತಿರುವುದೇಕೆ ಎಂದು ತಿಳಿಯಲು ಅವರು ಹತ್ತಿರ ಬರುತ್ತಿದ್ದರು.

ಹಣದ ವಿಷಯ ಎಲ್ಲರೂ ಕೇಳುತ್ತಾರೆ. ವಿಮಾನದ ಟಿಕೆಟ್ಟು, ವಿಮೆ, ದಿನದ ಖರ್ಚು ನಮ್ಮ ಪಿಂಚಣಿಯಿಂದ. ಎರಡು ಕೋಣೆಗಳ ವಸತಿಯನ್ನೂ ಮಂಗಳವಾರದ ದಿನಸಿಯನ್ನೂ ಸಭೆಯವರು ಕೊಡುತ್ತಾರೆ. ವಯಸ್ಸಾದವರ ಆರೋಗ್ಯ ವಿಮೆಯ ಕಂತು ಟಿಕೆಟ್ಟಿಗಿಂತ ಭಾರ ಎಂಬುದನ್ನು ಹೊರಡುವವರು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಜರ್ಮನ್ ಕಲಿಕೆ ನಿಧಾನವಾಗಿ ಸಾಗಿದೆ. ಯಜಮಾನರಿಗೆ ವ್ಯಾಕರಣ ಹಿಡಿಸಿದೆ, ನನಗೆ ಅಂಗಡಿ, ಬಸ್ಸು, ಆಸ್ಪತ್ರೆಯ ಮಾತು ಬಾಯಿಗೆ ಬಂದಿದೆ.

ಮಂಡ್ಯದಿಂದ ಒಂದು ಸಂತೋಷದ ಸುದ್ದಿ: ಬ್ಯಾಂಕಿನಿಂದ ನಿವೃತ್ತರಾದ ದಂಪತಿ ನಮ್ಮ ನಂತರ ಹೋಗಲು ಮನಸ್ಸು ಮಾಡಿದ್ದಾರೆ. ಅವರನ್ನು ಶನಿವಾರದ ಕೂಟಕ್ಕೆ ಕರೆಸಿಕೊಳ್ಳುತ್ತಿದ್ದೇವೆ. ಆ ತಾಯಿಗೆ ಬೋಧಿಸಲು ಬಾರದೆಂಬ ಅಳುಕು ಇದೆ. ಅವರು ಮಾಡಿ ತಂದ ಬಸ್ಸಾರಿಗೆ ಹುಡುಗರು ಮುಗಿಬಿದ್ದುದನ್ನು ನೋಡಿದ ಮೇಲೆ ನನಗೆ ಯಾವ ಅಳುಕೂ ಉಳಿದಿಲ್ಲ. ಜೊತೆಯಾಗಿ ಹೋಗುವವರಿಗೆ ಒಂದು ಮಾತನ್ನು ಮಾತ್ರ ಒತ್ತಿ ಹೇಳುತ್ತೇನೆ: ಗಂಡಹೆಂಡಿರಲ್ಲಿ ಒಬ್ಬರಿಗೆ ಮನಸ್ಸಿದ್ದು ಇನ್ನೊಬ್ಬರು ಮುಲಾಜಿಗೆ ಹೊರಡಬಾರದು. ಅಷ್ಟು ಚಿಕ್ಕ ವಸತಿಯಲ್ಲಿ, ಅಷ್ಟು ಚಳಿಯಲ್ಲಿ, ಮನಸ್ತಾಪ ಬಚ್ಚಿಟ್ಟರೂ ಊಟಕ್ಕೆ ಬಂದ ಮಕ್ಕಳಿಗೆ ತಿಳಿದುಬಿಡುತ್ತದೆ.

ಆಗಸ್ಟ್

ಮೊದಲ ತಂಡದ ಮಕ್ಕಳು ಬೆಂಗಳೂರಿನಿಂದ ವಿಮಾನ ಹತ್ತಿದ್ದಾರೆ. ಎಸ್ಲಿಂಗನ್ನಿನಲ್ಲಿರುವಂಥ ಅನ್ವಯಿಕ ವಿಜ್ಞಾನದ ವಿಶ್ವವಿದ್ಯಾಲಯಗಳಲ್ಲಿ ಚಳಿಗಾಲದ ಸೆಮಿಸ್ಟರು ಸೆಪ್ಟೆಂಬರ್ 1ಕ್ಕೇ ಲೆಕ್ಕಕ್ಕೆ ಶುರುವಾಗುತ್ತದೆ. ಸ್ಟುಟ್‌ಗಾರ್ಟ್ ವಿಮಾನ ನಿಲ್ದಾಣದಲ್ಲಿ ಅವರನ್ನು ಎದುರುಗೊಂಡವನು ಪಾಂಡವಪುರದ ಹುಡುಗ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆಂದು ಶನಿವಾರವೇ ಅಕ್ಕಿ, ಬೇಳೆ, ಹಾಲು ತಂದಿಟ್ಟಿದ್ದನಂತೆ.

ನಾವಿಲ್ಲದ ಬೇಸಿಗೆಯಲ್ಲೂ ಮಂಗಳವಾರದ ಊಟ ನಿಂತಿಲ್ಲ. ಇಡ್ಲಿಯ ಹುಡುಗಿ, ಘಾನಾದ ಒಬ್ಬ ವಿದ್ಯಾರ್ಥಿ, ಸಭೆಯ ಇಬ್ಬರು ಹಿರಿಯ ಜರ್ಮನ್ ಮಹಿಳೆಯರು ಸೇರಿ ನಡೆಸಿದ್ದಾರೆ. ಮುಂದಿನ ಚಳಿಗಾಲದಲ್ಲಿ ಅಡುಗೆಯ ಯಜಮಾನಿಕೆಯನ್ನು ಅವರ ಕೈಯಲ್ಲೇ ಬಿಟ್ಟು, ನಾನು ಹಾಸ್ಟೆಲುಗಳಿಗೆ ಹೋಗಿ ಬರುವ ಕೆಲಸಕ್ಕೆ ಹೆಚ್ಚು ಹೊತ್ತು ಕೊಡುವುದೆಂದು ಫೋನಿನಲ್ಲಿ ಮಾತಾಗಿದೆ. ಯಜಮಾನರ ಬೆಳಗಿನ ಕೋಣೆಗೆ ಈಗಾಗಲೇ ಕೆಲವರು ಹೆಸರು ಕೊಟ್ಟಿದ್ದಾರೆ. ಗಣಿತಕ್ಕೊಬ್ಬರು ಬೇಕೆಂಬ ಬೇಡಿಕೆ ಇದೆ, ಮಂಡ್ಯದ ದಂಪತಿಯಲ್ಲಿ ಆ ತಂದೆಗೆ ಸಂಖ್ಯಾಶಾಸ್ತ್ರ ಚೆನ್ನಾಗಿ ಗೊತ್ತಿರುವುದರಿಂದ ಸದ್ಯಕ್ಕೆ ಆನ್‌ಲೈನಿನಲ್ಲಿ ಶುರುಮಾಡಲು ಒಪ್ಪಿದ್ದಾರೆ. ಅಲ್ಲಿಯ ಸಂಜೆ ಆರು ಇಲ್ಲಿಯ ಒಂಬತ್ತೂವರೆ; ಅಕ್ಟೋಬರ್ ಕೊನೆಯಲ್ಲಿ ಅಲ್ಲಿನ ಗಡಿಯಾರ ಹಿಂದಕ್ಕೆ ಸರಿದ ಮೇಲೆ ಹತ್ತೂವರೆಯಾಗುತ್ತದೆ, ಆಗ ವೇಳೆ ಬದಲಿಸಬೇಕಾದೀತು.

ಬಾಕಿ ಇರುವುದು: ವಿಮೆಯ ಪತ್ರ ಕೈಸೇರಬೇಕು, ನನ್ನ ರಕ್ತದೊತ್ತಡದ ವರದಿಯನ್ನು ಇಂಗ್ಲಿಷಿನಲ್ಲಿ ಬರೆಸಿಕೊಳ್ಳಬೇಕು, ಎರಡನೆಯ ತಂಡದ ಪೋಷಕರ ಕೂಟ ಒಂದು ಆಗಬೇಕು. ಮಳವಳ್ಳಿಯ ಒಬ್ಬ ಹುಡುಗಿಯ ವೀಸಾ ಇನ್ನೂ ಬಂದಿಲ್ಲ. ಬಂದರೆ ಅವಳೂ ನಾವೂ ಒಂದೇ ವಿಮಾನದಲ್ಲಿ ಹೋಗುವಂತೆ ಟಿಕೆಟ್ಟು ಕಾಯ್ದಿರಿಸಲು ಅವಳ ಮನೆಯವರು ಕೇಳಿಕೊಂಡಿದ್ದಾರೆ, ಅದಕ್ಕಾಗಿ ನಮ್ಮ ಟಿಕೆಟ್ಟನ್ನು ಒಂದು ವಾರ ತಡೆಹಿಡಿದಿದ್ದೇವೆ.