ಆರ್ಥರ್ ದೊರೆಯ ಆಸ್ಥಾನದಲ್ಲಿ

ಪೆಂಡ್ರ್ಯಾಗನ್ ಆಡುತ್ತಾ ಆಡುತ್ತಾ ಬ್ರಿಟನ್ನಿನ ದಂತಕಥೆಗಳ ಆರ್ಥರ್ ದೊರೆ ನನಗೆ ತುಂಬಾ ಹತ್ತಿರದವನಾಗಿಬಿಟ್ಟಿದ್ದಾನೆ. 1985ರಲ್ಲಿ ಬಂದ ರೋಲ್‌ಪ್ಲೇಯಿಂಗ್ ಆಟ ಇದು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಕಟ್ಟುತ್ತಾ ಆಡುವಂಥದ್ದು. ಇಲ್ಲಿ ನಾವು ಆರ್ಥರ್ ಆಗುವುದಿಲ್ಲ, ಅವನ ಕಾಲದ ನೈಟ್‌ಗಳಾಗುತ್ತೇವೆ. ಅವನನ್ನು ನಡೆಸುವುದು ಆಟ ನಡೆಸುವವರು. ಹಾಗಾಗಿಯೇ ಅವನ ಎತ್ತರ ಉಳಿದಿದೆ ಅನಿಸುತ್ತದೆ.

ಕತ್ತಿವರಸೆಯಷ್ಟೇ ಬೆಲೆ ಇಲ್ಲಿ ಗುಣಕ್ಕೂ ಇದೆ. ಕರುಣೆ–ಕ್ರೌರ್ಯ, ವಿನಯ–ಗರ್ವ, ಧೈರ್ಯ–ಹೇಡಿತನ, ಹೀಗೆ 13 ಜೋಡಿ; ಜೋಡಿಯ ಅಂಕ ಕೂಡಿದರೆ 20. ಕರುಣೆ 16 ಇದ್ದರೆ ಕ್ರೌರ್ಯ 4. ಸೋತ ಶತ್ರು ಮಂಡಿಯೂರಿದ್ದಾನೆ, 20 ಮುಖದ ದಾಳ ಉರುಳುತ್ತಿದೆ. 16ರೊಳಗೆ ಬಿದ್ದರೆ ಅವನ ಜೀವ ಉಳಿಯಿತು. 18 ಬಿತ್ತೋ, ಎದೆ ಧಸಕ್ಕೆನ್ನುತ್ತದೆ, ಈಗ ಕ್ರೌರ್ಯಕ್ಕೆ ದಾಳ ಹಾಕಬೇಕು! ಒಳ್ಳೆಯತನವನ್ನೂ ಹೀಗೆ ಪಣಕ್ಕಿಡುವ ಆಟ ನನಗೆ ಬಹಳ ಇಷ್ಟ.

ವೇಲ್ಸ್‌ನ ಹಳೆಯ ವಾರ್ಷಿಕ ದಾಖಲೆಯಲ್ಲಿ ಆರ್ಥರ್‌ಗೆ ಸಿಕ್ಕಿದ್ದು ಎರಡೇ ನಮೂದು. 516ರ ಬೇಡನ್ ಯುದ್ಧ, ಅಲ್ಲಿ ಮೂರು ಹಗಲು ಮೂರು ರಾತ್ರಿ ಅವನು ಶಿಲುಬೆ ಹೊತ್ತಿದ್ದನಂತೆ. ಆಮೇಲೆ 537ರ ಕ್ಯಾಮ್ಲಾನ್, ಅವನೂ ಮೆಡ್ರೌಟನೂ (ಮುಂದಿನ ಕಥೆಗಳಲ್ಲಿ ದ್ರೋಹಿ ಮಾರ್ಡ್ರೆಡ್) ಸತ್ತುಬಿದ್ದ ಕಾಳಗ. ಅವನ ನೈಟ್‌ಗಳು ಸುತ್ತ ಕೂರುವ ಆ ದುಂಡು ಮೇಜು ಬಂದದ್ದು ಎಷ್ಟೋ ಶತಮಾನ ಕಳೆದ ಮೇಲೆ, ಕವಿಗಳಿಂದ.

ಆಟದಲ್ಲೂ ಕ್ಯಾಮ್ಲಾನ್ ಬರುತ್ತದೆ ಅಂತ ಆಡುವ ಎಲ್ಲರಿಗೂ ಗೊತ್ತು. ಆದರೂ ಆಟದೊಳಗೆ ಚಳಿಗಾಲ ಬಂದಾಗಲೆಲ್ಲ ಕೂತು ನೈಟ್‌ನ ವಯಸ್ಸು, ಜಮೀನು, ಮಕ್ಕಳ ಲೆಕ್ಕ ಬರೆಯುತ್ತೇವೆ. ಅಪ್ಪ ಸತ್ತರೆ ಮಗನನ್ನು ಆಡಬೇಕಲ್ಲ.