ಬಿಡುಗಡೆ ಯಾವಾಗ?

ಬೆಳಿಗ್ಗೆ ಗೆಳೆಯ ಫೋನಲ್ಲಿ "ಈ ಆಫೀಸು ಜೈಲು ಕಣೋ" ಅಂದ. "ಬಿಡುಗಡೆ ಯಾವಾಗ?" ಅಂತ ನನ್ನ ಬಾಯಿಂದ ತಕ್ಷಣ ಬಂತು. ಕಂಬಿ, ಬೀಗ ಯಾವುದೂ ಕಣ್ಣ ಮುಂದೆ ಬರಲೇ ಇಲ್ಲ.

ಇಂಥ ರೂಪಕದ ಮಾತು ಕೇಳಿದಾಗ ನೇರ ಅರ್ಥವನ್ನ ಮೊದಲು ಹಿಡೀತೇವೆ, ಅದು ಹೊಂದದಿದ್ದಾಗ ಮಾತ್ರ ಇನ್ನೊಂದು ಅರ್ಥ ಹುಡುಕುತ್ತೇವೆ ಅನ್ನೋ ವಾದವೊಂದಿತ್ತು. ನನಗಂತೂ ಅಷ್ಟು ಪುರುಸೊತ್ತು ಇರಲಿಲ್ಲ!

1982ರಲ್ಲಿ ಮನಶ್ಶಾಸ್ತ್ರಜ್ಞ ಸ್ಯಾಮ್ ಗ್ಲಕ್ಸ್‌ಬರ್ಗ್ ಮತ್ತು ಜೊತೆಗಾರರು ಇದನ್ನೇ ಪರೀಕ್ಷೆ ಮಾಡಿದರು. "ಕೆಲವು ಕೆಲಸಗಳು ಜೈಲು" ಅನ್ನೋ ಥರದ ವಾಕ್ಯ ತೋರಿಸಿ, ಅಕ್ಷರಶಃ ನಿಜವೋ ಸುಳ್ಳೋ, ಅಷ್ಟೇ ಹೇಳಿ ಅಂದರು. ಸುಳ್ಳು ಅನ್ನೋಕೆ ಜನ ತಡ ಮಾಡಿದರು. ತಲೆಬುಡವಿಲ್ಲದ ವಾಕ್ಯಗಳನ್ನ ಸುಳ್ಳು ಅನ್ನೋಕೆ ಅಷ್ಟು ಹೊತ್ತು ಬೇಕಾಗಲಿಲ್ಲ. ಕೇಳದಿದ್ದರೂ ಆ ಇನ್ನೊಂದು ಅರ್ಥ ಮಧ್ಯೆ ತಲೆ ಹಾಕಿತ್ತು.

ಅದು ಓದೋ ವಾಕ್ಯದ ಕಥೆ. ಮಾತಲ್ಲಾದರೆ ದನಿಯೂ ಸೇರುತ್ತೆ. "ಜೈಲೂ" ಅಂತ ಎಳೆದಿದ್ದು, ಅದಕ್ಕೂ ಮುಂಚೆ ಬಿಟ್ಟ ನಿಟ್ಟುಸಿರು. ಹೇಳೋರು ಯಾರು ಅನ್ನೋದೂ ಲೆಕ್ಕಕ್ಕೆ ಬರುತ್ತೆ ಅಲ್ವಾ? ಜೈಲಿನ ಕಾವಲುಗಾರ "ನನ್ನ ಆಫೀಸು ಜೈಲು" ಅಂದರೆ ಅದು ಸುಮ್ನೆ ವಿಳಾಸ. ಅಥವಾ ಅವರಿಗೂ ಬೇಜಾರಾಗಿರಬಹುದು.