ಕುದುರೆ ಏರಿದ ರಾಣಾಗಳನ್ನು ನೋಡಲು: ಉದಯಪುರ, ಬೂಂದಿ, ಕೋಟಾ

ರಜಪೂತ ಚಿಕಣಿ ಚಿತ್ರಗಳಿಗಾಗಿಯೇ ರಾಜಸ್ಥಾನಕ್ಕೆ ಹೊರಟವರು ಉದಯಪುರದಿಂದ ಶುರು ಮಾಡಿ ಬೂಂದಿ, ಕೋಟಾ ಮುಗಿಸುವುದು ಒಳ್ಳೆಯದು. ಅಲ್ಲಿ ಐದು ದಿನ ಸಾಕು. ಮೈಸೂರಿನಿಂದ ಬೆಂಗಳೂರು ಮೇಲೆ ಉದಯಪುರಕ್ಕೆ ಹಮ್‌ಸಫರ್ ರೈಲಿದೆ. ಆದರೆ ವಾರಕ್ಕೆ ಒಂದೇ ಸಲ, ಹಾಗಾಗಿ ಮೊದಲು ಟಿಕೆಟ್, ಆಮೇಲೆ ರೂಮು.

ಉದಯಪುರದ ಸಿಟಿ ಪ್ಯಾಲೆಸ್‌ಗೆ ಬಾಗಿಲು ತೆರೆಯುತ್ತಿದ್ದಂತೆ ಹೋಗಿ. ಒಳಗಿನ ಓಣಿಗಳು ಇಕ್ಕಟ್ಟು. ತಡವಾದರೆ ಹಿಂದಿನ ಜನ ತಳ್ಳುತ್ತಾ ಬರುತ್ತಾರೆ, ಚಿತ್ರದ ಮುಂದೆ ನಿಲ್ಲಲು ಆಗುವುದಿಲ್ಲ. ಮೆರವಣಿಗೆ, ಬೇಟೆಯ ಚಿತ್ರಗಳಿರುವ ಕೃಷ್ಣ ವಿಲಾಸಕ್ಕೇ ಒಂದು ಗಂಟೆ ಮೀಸಲಿಡಿ. ಗಾಢ ಬಣ್ಣದ ಅಂಗಿ ಹಾಕಿಕೊಂಡಿದ್ದರೆ ಗಾಜಿನಲ್ಲಿ ನಿಮ್ಮದೇ ಬಿಂಬ ಅಡ್ಡ ಬರುವುದು ಕಡಿಮೆ.

ಸವಾರನ ಚಿತ್ರದಲ್ಲಿ ಮೊದಲು ಕುದುರೆಯನ್ನು ನೋಡಿ. ಒಳಕ್ಕೆ ಬಾಗಿ ತುದಿಗೆ ತುದಿ ತಾಗುವ ಕಿವಿ ಮಾರವಾಡಿ ತಳಿಯ ಗುರುತು. ಬಿಳಿ ಕುದುರೆಯ ಕಾಲು, ಹೊಟ್ಟೆಯ ಕೆಳಭಾಗ, ಬಾಲ ಕೆಂಪಾಗಿದ್ದರೆ ಅದು ಗಾಯವಲ್ಲ, ಮದರಂಗಿ. ಕೆಂಪು ನೀರಿನಲ್ಲಿ ನಿಂತು ಬಂದಂತೆ ಗೆರೆ ನೇರವಾಗಿರುತ್ತದೆ. ರಾಣಾನ, ಅಂದರೆ ಉದಯಪುರದ ಅರಸನ, ಮುಖ ಪಕ್ಕನೋಟದಲ್ಲಿ, ತಲೆಯ ಹಿಂದೆ ಪ್ರಭಾವಳಿ. ಜೊತೆಗೆ ನಡೆಯುವ ಚಾಮರದವನೂ ಹುಕ್ಕಾ ಹೊತ್ತವನೂ ಎಷ್ಟೋ ಸಲ ಅಳತೆಯಲ್ಲಿ ಚಿಕ್ಕವರು; ಅದು ದೂರದ ಲೆಕ್ಕವಲ್ಲ, ಅಂತಸ್ತಿನ ಲೆಕ್ಕ. ಈಗ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಓರೆಯಾಗಿ ನೋಡಿ. ಕೊರಳಿನ ಮುತ್ತುಗಳು ದಪ್ಪ ಬಿಳಿ ಬಣ್ಣದ ಉಬ್ಬು ಚುಕ್ಕೆಗಳಾಗಿ ಎದ್ದು ಕಾಣುತ್ತವೆ. ಎಷ್ಟು ಒಳ್ಳೆಯ ಮುದ್ರಣದಲ್ಲೂ ಈ ಉಬ್ಬು ಸಿಗುವುದಿಲ್ಲ. ಇಷ್ಟು ದೂರ ಹೋಗುವುದು ಸಾರ್ಥಕವಾಗುವುದೇ ಇಲ್ಲಿ.

ಚಿತ್ತೋಡದ ಮೇಲೆ ಬೂಂದಿಗೆ ಸುಮಾರು 260 ಕಿ.ಮೀ. ಅರಮನೆಗೆ ಹೋಗುವ ಕಲ್ಲುಹಾಸಿನ ಏರು ಕಡಿದು, ಜಾರುತ್ತದೆ. ಹಿಡಿತವಿರುವ ಷೂ ಬೇಕು. ಚಿತ್ರಶಾಲೆಯಲ್ಲಿ 18ನೇ ಶತಮಾನದ ಹಸಿರು-ನೀಲಿ ಭಿತ್ತಿಚಿತ್ರಗಳಿವೆ. ಬೆಳಗಿನ ಬೆಳಕಿನಲ್ಲೇ ನೋಡಿ, ಫ್ಲ್ಯಾಶ್ ಬೇಡ. ಅಲ್ಲಿಂದ ಕೋಟಾ 40 ಕಿ.ಮೀ. ಒಳಗೆ, ಬೇಟೆಯ ಚಿತ್ರಗಳಿಗೆ ಅದೇ ಹೆಸರುವಾಸಿ, ಗಢ ಅರಮನೆಯ ಮ್ಯೂಸಿಯಂಗೆ ಅರ್ಧ ದಿನ ಸಾಕು.

ಕೊಳ್ಳುವಾಗ ಎಚ್ಚರ. ಹಳೆಯ ಛಾಪಾ ಕಾಗದದ ಮೇಲೆ ಹೊಸದಾಗಿ ಬರೆದು ಮಾರುತ್ತಾರೆ. ಕಾಗದದ ವಯಸ್ಸು ಚಿತ್ರದ ವಯಸ್ಸಲ್ಲ. ನಿಜಕ್ಕೂ 100 ವರ್ಷ ದಾಟಿದ ಚಿತ್ರವನ್ನು 1972ರ ಕಾಯ್ದೆಯ ಪ್ರಕಾರ ಖಾಸಗಿಯವರು ವಿದೇಶಕ್ಕೆ ಒಯ್ಯುವಂತಿಲ್ಲ. ಪದರ ಪದರವಾಗಿ ಅಂಟಿಸಿ, ಕಲ್ಲಿನಿಂದ ತಿಕ್ಕಿ ನುಣುಪು ಮಾಡಿದ ವಾಸ್ಲಿ ಕಾಗದವನ್ನು ಸುರುಳಿ ಸುತ್ತಬೇಡಿ, ಬಣ್ಣ ಬಿರಿದು ಉದುರುತ್ತದೆ. ಎರಡು ಗಟ್ಟಿ ರಟ್ಟಿನ ನಡುವೆ ಚಪ್ಪಟೆಯಾಗಿಯೇ ತನ್ನಿ. ಕರಾವಳಿಯವರು ಕಟ್ಟು ಹಾಕಿಸುವಾಗ ಗಾಜು ಚಿತ್ರಕ್ಕೆ ತಾಗದಂತೆ ಸುತ್ತ ಮೌಂಟ್ ಕೊಡಿಸಿ, ಇಲ್ಲದಿದ್ದರೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ.